ಹಿರಿಯರ ಮಾತೂ ಸಾಕ್ಷಿ

ಯುವ ಮಿತ್ರರೇ, ನಮ್ಮ ಸಯನ್‌ನಲ್ಲಿ ಒಂದು ಖೋಲಿಯ ಮಾತೆತ್ತಿದರೂ ಮೊದಲು ಕೇಳುವುದು ಕಾಗದಪತ್ರ. ಕಾಗದವೇ ಇಲ್ಲದೆ ತಲೆಮಾರುಗಳಿಂದ ಒಂದೇ ನೆಲದಲ್ಲಿ ಬಾಳಿದವರ ಗತಿಯೇನು?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. ದೊಡ್ಡ ಸಂಪಿಗೆ ಮರವೇ ಅವರಿಗೆ ದೇವರು. 1974ರಲ್ಲಿ ಅವರ ಕಾಡು ವನ್ಯಧಾಮವಾಯಿತು. ಬೇಸಾಯಕ್ಕೂ ಬೇಟೆಗೂ ತಡೆ ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬೇರೆ ದಾರಿ ತೆರೆಯಿತು. ಅದರ ನಿಯಮಗಳ ಪ್ರಕಾರ ದೇವರ ತಾಣ, ಬಾವಿ, ಸ್ಮಶಾನಗಳೂ ಪುರಾವೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ.

2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಆದರೂ ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಈ ಹಕ್ಕನ್ನು ಮಾರುವಂತಿಲ್ಲ. ಎಲ್ಲರೂ ಸೇರಿ ಕಾಡನ್ನು ಬಳಸಬೇಕು, ಕಾಯಬೇಕು.

ಮಕ್ಕಳೇ, ನಿಮ್ಮ ಅಜ್ಜಿಯ ನಾಲಿಗೆಯ ಮೇಲೂ ಊರಿನ ಕೆರೆ, ಬನಗಳ ಹೆಸರುಗಳಿವೆ. ರಜೆಯಲ್ಲಿ ಹೋದಾಗ ಕೇಳಿ ಬರೆದಿಡಿ.