ಮಳೆಗೆ ಮುಂಚೆ ಮಾಡಿನ ಮೇಲೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥ ಸೀಮೆಯಲ್ಲಿ ಕೊಟ್ಟಿಗೆಯ ಮಾಡು ಸೋರಿದರೆ ಹುಲ್ಲು, ಸೌದೆ ಎಲ್ಲ ಹಾಳು. ಹಾಗಾಗಿ ಮಳೆಗಾಲ ಹತ್ತಿರವಾದಂತೆ ಮಲೆನಾಡಿನಲ್ಲಿ ಹೆಂಚು ಕೈಯಾಡಿಸುವ ಕೆಲಸ ಶುರು.

ಸೋರುವ ಜಾಗ ಹುಡುಕುವುದೇ ಅರ್ಧ ಕೆಲಸ. ನೀರು ತೊಟ್ಟಿಕ್ಕುವಲ್ಲೇ ತೂತಿದೆ ಎಂದುಕೊಂಡವರು ಮೋಸಹೋಗುತ್ತಾರೆ. ಮೇಲೆಲ್ಲೋ ಇಳಿದ ನೀರು ಮಾಡು ಹೊತ್ತ ಪಕಾಸಿಯ ಮೈಗುಂಟ ಜಾರಿ ಇನ್ನೆಲ್ಲೋ ಬೀಳುತ್ತದೆ. ಹಾಡುಹಗಲು ಒಳಗೆ ನಿಂತು ತಲೆಯೆತ್ತಿದರೆ ಸಂದಿನಿಂದ ಬೆಳಕಿನ ಗೆರೆ ಕಾಣುತ್ತದೆ. ಮರದ ಮೇಲಿನ ಕಪ್ಪು ಕಲೆಯ ಜಾಡು ಹಿಡಿದು ಮೇಲಕ್ಕೆ ಹೋದರೂ ಆದೀತು. ಎಷ್ಟೋ ಸಲ ಹೆಂಚು ಗಟ್ಟಿಯಾಗಿಯೇ ಇರುತ್ತದೆ, ತಪ್ಪು ಮಂಗನದು! ಅದು ಹಾರಿದ ರಭಸಕ್ಕೆ ಹೆಂಚು ಸರಿದಿರುತ್ತದೆ. ಇಲ್ಲವೇ ಹೆಂಚಿನ ಕಾಲುವೆಯಲ್ಲಿ ತರಗೆಲೆ, ಪಾಚಿ ಕಟ್ಟಿಕೊಂಡು ನೀರು ಒಳಗೆ ತಿರುಗುತ್ತದೆ.

ಹೆಂಚೇ ಒಡೆದಿದ್ದರೂ ಚಿಂತೆಯಿಲ್ಲ. ಒಂದರ ಅಂಚಿಗೆ ಇನ್ನೊಂದು ಕೂರುವ ಮಂಗಳೂರು ಹೆಂಚಿನ ಅನುಕೂಲವೆಂದರೆ, ಒಡೆದದ್ದನ್ನಷ್ಟೇ ತೆಗೆದು ಬದಲಿಸಬಹುದು. ಬಿರುಕಿಗೆ ಸಿಮೆಂಟು ಮೆತ್ತುವುದು ದಂಡದ ಕೆಲಸ.

ಹೆಂಚಿನಡಿಯ ಮರದ ಪಟ್ಟಿ, ಅಂದರೆ ರೀಪು, ಚಾಕುವಿನ ಮೊನೆಗೆ ಮೆತ್ತಗೆ ಸಿಕ್ಕರೆ ಅದನ್ನೂ ಬದಲಿಸಿ. ಹೊಸದಕ್ಕೆ ಗೇರೆಣ್ಣೆ ಬಳಿದರೆ ಗೆದ್ದಲು ದೂರ. ಪಾಚಿ ಒದ್ದೆಯಾಗಿರುವ ದಿನ ಮಾತ್ರ ಮಾಡು ಹತ್ತಲೇಬೇಡಿ.