ಸಾವಿರ ಕಿ.ಮೀ. ಕೊಳವೆಯೊಳಗೆ ಏನಾಗುತ್ತಿದೆ?

ಪ್ರಶ್ನೆ: ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಅನಿಲ ತರುವ ಕೊಳವೆ ನೆಲದಡಿ ಇದೆ. ಎಲ್ಲಾದರೂ ಸೋರಿದರೆ ಗೊತ್ತಾಗುವುದು ಹೇಗೆ?

ಉತ್ತರ: 2013ರಲ್ಲಿ ಶುರುವಾದ ಈ ಕೊಳವೆ ಸುಮಾರು 1,000 ಕಿ.ಮೀ. ಉದ್ದವಿದೆ. ಇಂಥ ಕೊಳವೆಗಳ ಉದ್ದಕ್ಕೂ ಅಲ್ಲಲ್ಲಿ ಒತ್ತಡ, ಉಷ್ಣತೆ, ಹರಿವು ಅಳೆಯುವ ಮಾಪಕಗಳಿದ್ದು, ಆ ಅಂಕಿಗಳು ನಿಯಂತ್ರಣ ಕೊಠಡಿಗೆ ಬರುತ್ತಲೇ ಇರುತ್ತವೆ. ಬರೀ ಅಂಕಿ ಸಾಲದು. ಅನಿಲ ನೀರಿನಂತಲ್ಲ, ಅದುಮಿದರೆ ಕುಗ್ಗುತ್ತದೆ. ಒಂದು ತುದಿಯಲ್ಲಿ ತುಂಬಿದ್ದೆಲ್ಲ ಆ ಹೊತ್ತಿಗೇ ಇನ್ನೊಂದು ತುದಿಯಲ್ಲಿ ಹೊರಬರಬೇಕೆಂದಿಲ್ಲ. ಉಳಿದದ್ದು ಒಳಗೇ ಒತ್ತಿಕೊಂಡು ಕೂತಿರುತ್ತದೆ. ಒತ್ತಡದ ಬದಲಾವಣೆ ಸಾಗುವುದು ಸೆಕೆಂಡಿಗೆ ಸುಮಾರು 400 ಮೀಟರ್. ಅಂದರೆ ದಾಭೋಲ್‌ನ ಏರಿಳಿತದ ಸುಳಿವು ಬೆಂಗಳೂರು ಮುಟ್ಟಲು ಸುಮಾರು 40 ನಿಮಿಷ ಬೇಕು!

ಸಿಮ್ಯುಲೇಷನ್ ನೆರವಿಗೆ ಬರುವುದು ಇಲ್ಲೇ. ಕಂಪ್ಯೂಟರಿನಲ್ಲಿ ಅದೇ ಕೊಳವೆಯ ಗಣಿತರೂಪ ಸದಾ ಓಡುತ್ತಿರುತ್ತದೆ. ಯಾವ ಜಾಗದಲ್ಲಿ ಈಗ ಎಷ್ಟು ಒತ್ತಡ ಇರಬೇಕು ಎಂದು ಅದು ಲೆಕ್ಕ ಹಾಕುತ್ತದೆ. ಮಾಪಕ ತೋರಿಸುವುದಕ್ಕೂ ಈ ಲೆಕ್ಕಕ್ಕೂ ಅಂತರ ಬೆಳೆಯುತ್ತ ಹೋದರೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ನಾಳೆ ಬೇಡಿಕೆ ಹೆಚ್ಚಿದರೆ ಅನಿಲವನ್ನು ಒತ್ತಿ ಮುಂದೆ ತಳ್ಳುವ ಕಂಪ್ರೆಸರ್ ಯಾವಾಗ ಓಡಿಸಬೇಕು ಎಂಬುದನ್ನೂ ಇದರಲ್ಲೇ ಮೊದಲು ಪರೀಕ್ಷಿಸಬಹುದು.

ತೀರಾ ಸಣ್ಣ ಸೋರಿಕೆ ಮಾತ್ರ ಈ ಲೆಕ್ಕಕ್ಕೆ ಸಿಗದೆ ಹೋಗಬಹುದು. ಅದಕ್ಕೇ ಕೊಳವೆಯ ಗುಂಟ ನಡೆದು ನೋಡುವ ಕಾವಲುಗಾರರು ಇಂದಿಗೂ ಬೇಕು. ನಿಮ್ಮ ಹೊಲದ ಬಳಿ ಅನಿಲ ಕೊಳವೆಯ ಗುರುತುಕಲ್ಲು ಇದ್ದರೆ, ಕೊಳವೆ ನೋಡಿಕೊಳ್ಳುವ ಕಂಪನಿಯವರನ್ನು ಕೇಳದೆ ಜೆಸಿಬಿ ಇಳಿಸಬೇಡಿ.