ಬಿಸಿಯಾಗಬೇಕಾದ ಎಂಜಿನ್ ಎಲ್ಲಿದೆ?

ಮೈಸೂರಿನ ವಿಜಯನಗರದ ಬೀದಿಗಳಲ್ಲಿ ಧನುರ್ಮಾಸದ ಮುಂಜಾನೆ ವಿಚಿತ್ರ ರೂಢಿಯೊಂದನ್ನು ಕಾಣುತ್ತಿದ್ದೇನೆ. ವಿದ್ಯುತ್ ಕಾರಿನ ಮಾಲೀಕರು ಹೊರಡುವ ಹತ್ತು ನಿಮಿಷ ಮೊದಲೇ ಅದನ್ನು ಚಾಲೂ ಮಾಡಿ, ‘ಬಿಸಿಯಾಗಲಿ’ ಎಂದು ಗೇಟಿನ ಮುಂದೆ ಬಿಟ್ಟು ಕಾಫಿಗೆ ಒಳಗೆ ಹೋಗುತ್ತಾರೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಇದಕ್ಕೆ ಅರ್ಥವಿತ್ತು. ಚೋಕ್ ಎಳೆದು, ಕಾರ್ಬ್ಯುರೇಟರಿನ ಮರ್ಜಿ ಕಾದು, ಎಂಜಿನ್ ಆಯಿಲ್ ಎಲ್ಲೆಡೆ ಹರಿಯುವವರೆಗೆ ತಾಳಬೇಕಿತ್ತು. ವಿದ್ಯುತ್ ಕಾರಿನಲ್ಲಿ ಇವಾವುವೂ ಇಲ್ಲ. ಕಾರಣ ತೀರಿಹೋದ ಮೇಲೂ ನಿಯಮ ಉಳಿದಿರುವುದನ್ನು ಸರ್ಕಾರಿ ಕಡತಗಳಲ್ಲಿ ಮೂರು ದಶಕ ಕಂಡ ನನಗೆ ಇದರಿಂದ ಆಶ್ಚರ್ಯವಾಗಲಿಲ್ಲ.

ನಾರ್ವೆ, ಕೆನಡಾಗಳ ಮಾತು ಬೇರೆ. ಕೊರೆಯುವ ಚಳಿಯಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ, ಆಂತರಿಕ ರೋಧ ಹೆಚ್ಚುತ್ತದೆ, ಒಂದು ಚಾರ್ಜಿಗೆ ಕ್ರಮಿಸುವ ದೂರ ಕುಗ್ಗುತ್ತದೆ. ಶೂನ್ಯ ಡಿಗ್ರಿಗಿಂತ ಕೆಳಗೆ ವೇಗವಾಗಿ ಚಾರ್ಜ್ ಮಾಡಿದರೆ ಋಣಧ್ರುವದ ಮೇಲೆ ಲಿಥಿಯಂ ಲೋಹ ಕೂತು ಶಾಶ್ವತ ಹಾನಿಯೂ ಆಗಬಹುದು. ಆದ್ದರಿಂದ ಅಲ್ಲಿನವರು ಚಾರ್ಜರಿಗೆ ಜೋಡಿಸಿರುವಾಗಲೇ ಬ್ಯಾಟರಿಯನ್ನೂ ಒಳಾಂಗಣವನ್ನೂ ಬೆಚ್ಚಗಾಗಿಸುತ್ತಾರೆ. ಅಲ್ಲಿ ನೆಲೆಸಿದ ಮಕ್ಕಳು ದೂರವಾಣಿಯಲ್ಲಿ ಹೇಳುವ ಬುದ್ಧಿಮಾತು ಅಲ್ಲಿಗೆ ಸರಿ. ಮೈಸೂರಿನ ಚಳಿಗಾಲದ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ 16 ಡಿಗ್ರಿ ಸೆಲ್ಸಿಯಸ್ ಆಸುಪಾಸು; ಬ್ಯಾಟರಿಗೆ ಇದು ಹಿತವಾದ ಹವೆಯೇ.

ಸುಮ್ಮನೆ ಚಾಲೂ ಮಾಡಿಟ್ಟರೆ ವೆಚ್ಚ ಅತ್ಯಲ್ಪ, ಲಾಭ ಶೂನ್ಯ. ಹೀಟರನ್ನೂ ಹಾಕಿದರೆ ಲೆಕ್ಕ ಬೇರೆ. ಎರಡು ಕಿಲೋವ್ಯಾಟ್‌ನಂತೆ ಹತ್ತು ನಿಮಿಷಕ್ಕೆ ಯೂನಿಟ್ಟಿನ ಮೂರನೇ ಒಂದು ಭಾಗ, ಅಂದರೆ ಸಣ್ಣ ಕಾರು ಸುಮಾರು ಎರಡು ಕಿಲೋಮೀಟರ್ ಓಡುವಷ್ಟು ವಿದ್ಯುತ್ತು, ನಿಂತಲ್ಲೇ ಖರ್ಚಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿನಲ್ಲಿ ಕಾದ ಕಾರನ್ನು ಚಾರ್ಜರಿನಲ್ಲಿರುವಾಗಲೇ ತಂಪಾಗಿಸುವುದಾದರೆ ಅದು ವಿವೇಕದ ಖರ್ಚು. ನಮಗೆ ಬೇಕಾದುದು ಅದೇ.

2001ರಲ್ಲೇ ಬೆಂಗಳೂರಿನಿಂದ ರೇವಾ ಕಾರು ಹೊರಬಂದಿತ್ತು. 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು ಪ್ರಕಟಿಸಿದ್ದು ನಮ್ಮ ರಾಜ್ಯ. ರಿಯಾಯಿತಿಗಳ ಚರ್ಚೆ ಬೇಕಾದಷ್ಟು ನಡೆಯಿತು. ಬಳಕೆದಾರರಿಗೆ ತಿಳಿವಳಿಕೆ ನೀಡುವ ಹೊಣೆಯನ್ನು ಮಾತ್ರ ಮಾರಾಟಗಾರರಿಗೇ ಬಿಟ್ಟಂತಿದೆ.

ವಿದ್ಯುತ್ತಿನ ಪೋಲಿಗಿಂತ ನನ್ನನ್ನು ಕಾಡುವುದು ಇನ್ನೊಂದು. ಪೆಟ್ರೋಲ್ ಕಾರು ಚಾಲೂ ಇದ್ದರೆ ಸದ್ದೇ ಎಚ್ಚರಿಸುತ್ತದೆ. ವಿದ್ಯುತ್ ಕಾರು ಹೊರಡಲು ಸನ್ನದ್ಧವಾಗಿ ನಿಂತಾಗ ಬಹುತೇಕ ಮೌನ. ಬಾಗಿಲು ತೆರೆದಿದ್ದು, ಮಗುವೊಂದು ಹತ್ತಿ ಕೂತು ಗೇರಿನ ಗುಂಡಿಯನ್ನೋ ಪೆಡಲನ್ನೋ ಒತ್ತಿದರೆ? ಶಾಲಾ ವಾಹನಕ್ಕೆ ಮಕ್ಕಳು ಕಾಯುವುದೂ ಅದೇ ಗೇಟುಗಳ ಮುಂದೆ, ಅದೇ ಹೊತ್ತಿನಲ್ಲಿ.